ಆ 18 ಡಾಲರ್ ಯಾವುದಕ್ಕೆ? ಊರಿನ ಗೇಮ್ ಅಂಗಡಿ, ಕಾಮಿಕ್ಸ್ ಮತ್ತು ಆನ್‌ಲೈನ್ ಬೆಲೆ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್ ಹತ್ತಿರ ಇದ್ದೇವೆ. ಮಗನಿಗೆ 13 ವರ್ಷ. ಪ್ರತಿ ಶುಕ್ರವಾರ ಸಂಜೆ ಇಲ್ಲೇ ಊರಿನ ಒಂದು ಗೇಮ್ ಅಂಗಡಿಗೆ ಹೋಗಿ ಮ್ಯಾಜಿಕ್ ಅನ್ನೋ ಕಾರ್ಡ್ ಆಟ ಆಡುತ್ತಾನೆ. ಅಲ್ಲೇ ಕಾಮಿಕ್ಸೂ ಮಾರುತ್ತಾರೆ. ಈಗ ಅವನ ಹುಟ್ಟುಹಬ್ಬಕ್ಕೆ ಒಂದು ಬೋರ್ಡ್ ಗೇಮ್ ಬೇಕಂತೆ. ಅಂಗಡಿಯಲ್ಲಿ 60 ಡಾಲರ್, ಆನ್‌ಲೈನ್‌ನಲ್ಲಿ 42. ನಮ್ಮ ಯಜಮಾನರು "ಅದೇ ಡಬ್ಬಕ್ಕೆ ಸುಮ್ನೆ 18 ಡಾಲರ್ ಯಾಕೆ ಜಾಸ್ತಿ ಕೊಡೋದು" ಅಂತಾರೆ. ಮಗ "ಅಮ್ಮ, ಅಂಗಡೀಲೇ ತಗೋಬೇಕು" ಅಂತ ಹಟ ಹಿಡಿದಿದ್ದಾನೆ. ಅಂಗಡಿಗೆ ಸಪೋರ್ಟ್ ಮಾಡೋದು ಅಂದರೆ ದಾನ ಮಾಡಿದ ಹಾಗಾ? ಯಾವುದನ್ನ ಎಲ್ಲಿ ತಗೋಬೇಕು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ದಾನ ಅಂದುಕೊಂಡು ಕೊಡಬೇಡಿ ಮೇಡಂ. ನಿಮ್ಮ ಮಗ ವಾರಕ್ಕೆ ನಾಲ್ಕು ಗಂಟೆ ಕೂರುವ ಕುರ್ಚಿಗೆ ಯಾರೋ ಬಾಡಿಗೆ ಕಟ್ಟುತ್ತಿದ್ದಾರೆ. ಆ ಬಾಡಿಗೆ ಹುಟ್ಟೋದು ಇಂಥ 60 ಡಾಲರ್ ಡಬ್ಬಗಳಿಂದ. ಹಾಗಂತ ಎಲ್ಲವನ್ನೂ ಅಲ್ಲೇ ತಗೋಬೇಕು ಅಂತ ನಾನು ಹೇಳಲ್ಲ. ಕೆಲವನ್ನ ಅಲ್ಲೇ ತಗೊಳ್ಳಿ, ಕೆಲವನ್ನ ನೆಮ್ಮದಿಯಾಗಿ ಆನ್‌ಲೈನ್‌ನಲ್ಲಿ ತರಿಸಿ. ಇನ್ನೊಂದು ಮಾತಿದೆ, ಅದನ್ನ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬಿಡಿಸುತ್ತೇನೆ. ನೀವು ಎಷ್ಟು ಜಾಸ್ತಿ ಕೊಡ್ತೀರಿ ಅನ್ನೋದಕ್ಕಿಂತ ಎಷ್ಟು ಮುಂಚೆ ಹೇಳ್ತೀರಿ ಅನ್ನೋದರಿಂದ ಅಂಗಡಿಗೆ ಹೆಚ್ಚು ಅನುಕೂಲ ಆಗುತ್ತೆ.

ನಾನು ಪೆನ್ಸಿಲ್ವೇನಿಯದ ಒಂದು ಗೇಮ್ ಮತ್ತು ಕಾಮಿಕ್ಸ್ ಅಂಗಡಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ಆರು ವರ್ಷ ಆರ್ಡರ್ ಹಾಕುವ ಜವಾಬ್ದಾರಿ ನನ್ನದೇ. ಯಾವ ಮಾಲು ಎಷ್ಟು ತರಿಸಬೇಕು, ಯಾವುದು ಓಡುತ್ತೆ, ಯಾವುದು ಕೂತುಬಿಡುತ್ತೆ ಅಂತ ದಿನಾ ಲೆಕ್ಕ ಹಾಕಿದವನು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

60 ಡಾಲರ್ ಮುಖಬೆಲೆಯ ಒಂದು ಆಟ ಅಂದರೆ ಅಂಗಡಿಯವರು ಅದನ್ನ ಡಿಸ್ಟ್ರಿಬ್ಯೂಟರ್ ಹತ್ತಿರ ಸುಮಾರು 30ರಿಂದ 33 ಡಾಲರ್‌ಗೆ ತಗೊಂಡಿರುತ್ತಾರೆ. ಡಿಸ್ಟ್ರಿಬ್ಯೂಟರ್ ಅದನ್ನ ಪ್ರಕಾಶಕರಿಂದ ಸುಮಾರು 24ಕ್ಕೆ ತಂದಿರುತ್ತಾನೆ. ಪ್ರಕಾಶಕರಿಗೆ ಆ ಡಬ್ಬ ಮಾಡಿಸೋಕೆ, ಹೆಚ್ಚಾಗಿ ಚೀನಾದಲ್ಲಿ, 12 ಡಾಲರ್ ಆಸುಪಾಸು ಬಿದ್ದಿರುತ್ತೆ. ಪ್ರತಿ ಆಟಕ್ಕೂ ಒಂದೇ ಲೆಕ್ಕ ಅಲ್ಲ, ಆದರೆ ಈ ವ್ಯಾಪಾರದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಅಂದಾಜು ಇದು. ಆಟವನ್ನ ಯೋಚಿಸಿ ರೂಪಿಸಿದ ವ್ಯಕ್ತಿಗೆ ಇದರಲ್ಲಿ ಸಿಗೋದು ಒಂದೆರಡು ಡಾಲರ್ ಅಷ್ಟೇ. ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಅಲ್ಲೇ, ಆದರೆ ಅದು ಬೇರೆ ಮಾತು.

ಅಂದರೆ ಊರಿನ ಅಂಗಡಿಗೆ ಒಂದು ಡಬ್ಬದಲ್ಲಿ 27 ಡಾಲರ್ ಉಳಿಯಿತು ಅಂತ ಇಟ್ಟುಕೊಳ್ಳಿ. ಇದು ಲಾಭ ಅಲ್ಲ. ಇದರಲ್ಲಿ ಕಾರ್ಡ್ ಉಜ್ಜಿದ್ದಕ್ಕೆ ಬ್ಯಾಂಕಿನವರು ಹತ್ತಿರಹತ್ತಿರ ಎರಡು ಡಾಲರ್ ತಗೋತಾರೆ. ಆಮೇಲೆ ಬಾಡಿಗೆ, ಕರೆಂಟು, ಇನ್ಶೂರೆನ್ಸ್, ಕೌಂಟರ್‌ನಲ್ಲಿ ನಿಂತಿರುವ ಹುಡುಗನ ಸಂಬಳ. ಆನ್‌ಲೈನ್‌ನವನು ಅದೇ ಡಬ್ಬವನ್ನ 33ಕ್ಕೇ ತಂದರೂ 42ಕ್ಕೆ ಮಾರಿದರೆ ಅವನಿಗೆ 9 ಡಾಲರ್ ಉಳಿಯುತ್ತೆ. ಅಷ್ಟು ಅವನಿಗೆ ಸಾಕು. ಅವನ ಗೋದಾಮು ಊರಾಚೆ ಎಲ್ಲೋ ಕಡಿಮೆ ಬಾಡಿಗೆ ಜಾಗದಲ್ಲಿ ಇರುತ್ತೆ, ಅಲ್ಲಿ ಯಾರೂ ಕೂತು ಆಡುವುದಿಲ್ಲ, ದಿನಕ್ಕೆ ಸಾವಿರಗಟ್ಟಲೆ ಡಬ್ಬ ಹೊರಗೆ ಹೋಗುತ್ತೆ. ದೊಡ್ಡವರಿಗೆ ಇನ್ನೂ ಕಡಿಮೆ ರೇಟಿಗೆ ಮಾಲು ಸಿಗುತ್ತೆ. ಅವನು ಮೋಸ ಮಾಡುತ್ತಿಲ್ಲ, ಊರಿನ ಅಂಗಡಿಯವರು ನಿಮ್ಮನ್ನ ಸುಲಿಯುತ್ತಲೂ ಇಲ್ಲ. ಇಬ್ಬರೂ ನಿಜವಾಗಿ ಬೇರೆ ಬೇರೆ ವ್ಯಾಪಾರ ಮಾಡುತ್ತಿದ್ದಾರೆ.

ಹಿಂದೆ ಇದಕ್ಕಿಂತ ದೊಡ್ಡ ಅಂತರ ಇತ್ತು. ಆಗ ಬೇರೆ ರಾಜ್ಯದಲ್ಲಿ ಕೂತು ಮಾರುವ ಎಷ್ಟೋ ಆನ್‌ಲೈನ್ ಅಂಗಡಿಗಳು ಸೇಲ್ಸ್ ಟ್ಯಾಕ್ಸ್ ಹಾಕುತ್ತಲೇ ಇರಲಿಲ್ಲ. ಊರಿನವರು ಹಾಕಲೇಬೇಕು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೌತ್ ಡಕೋಟ ರಾಜ್ಯ ಮತ್ತು ವೇಫೇರ್ ಕಂಪನಿಯ ಕೇಸಿನಲ್ಲಿ, ಹೊರಗಿನಿಂದ ಮಾರುವವರಿಂದಲೂ ರಾಜ್ಯಗಳು ಆ ಟ್ಯಾಕ್ಸ್ ವಸೂಲಿ ಮಾಡಿಸಬಹುದು ಅಂತ ತೀರ್ಪು ಕೊಟ್ಟಿತು. ನಮ್ಮ ಅಂಗಡಿಯ ಮಾಲೀಕರು ಆ ದಿನ ಎಲ್ಲರಿಗೂ ಪಿಜ್ಜಾ ತರಿಸಿದ್ದರು. ನಿಮ್ಮ ನ್ಯೂಜೆರ್ಸಿಯಲ್ಲಿ ಆ ಟ್ಯಾಕ್ಸ್ 6.625 ಪರ್ಸೆಂಟ್. ಈಗ ಅದು ಎರಡೂ ಕಡೆ ಬೀಳುತ್ತೆ, ಹಾಗಾಗಿ ಆ ಒಂದು ಅನ್ಯಾಯ ಮುಗಿದಿದೆ.

ಈಗ ಮೇಜಿನ ವಿಷಯಕ್ಕೆ ಬರೋಣ. ನಾಲ್ಕು ಕುರ್ಚಿ ಹಾಕಿದ ಒಂದು ಮೇಜು, ಸುತ್ತ ಜನ ಓಡಾಡೋಕೆ ಜಾಗ, ಎಲ್ಲ ಸೇರಿ 50 ಚದರ ಅಡಿ ಅಂತ ಇಟ್ಟುಕೊಳ್ಳಿ. ಬಾಡಿಗೆ ಚದರ ಅಡಿಗೆ ವರ್ಷಕ್ಕೆ 20 ಡಾಲರ್ ಅಂದುಕೊಂಡರೂ ಆ ಒಂದು ಮೇಜಿಗೆ ವರ್ಷಕ್ಕೆ 1000 ಡಾಲರ್ ಆಯಿತು. 27 ಡಾಲರ್ ಉಳಿಯುವ ಆಟಗಳಾದರೆ, ಬರೀ ಆ ಮೇಜಿನ ಬಾಡಿಗೆ ಹುಟ್ಟಿಸೋಕೆ 37 ಆಟ ಮಾರಬೇಕು. ಒಂದು ಮೇಜಿಗೆ 37. ನಿಮ್ಮ ಮಗ ಹೋಗುವ ಅಂಗಡಿಯಲ್ಲಿ ಎಷ್ಟು ಮೇಜುಗಳಿವೆ ಅಂತ ಈ ಶುಕ್ರವಾರ ಎಣಿಸಿ ನೋಡಿ. ಅದೇ ಜಾಗದಲ್ಲಿ ಕಪಾಟು ಹಾಕಿ ಮಾಲು ತುಂಬಿದ್ದರೆ ಅಂಗಡಿಗೆ ಜಾಸ್ತಿ ಬರುತ್ತಿತ್ತು. ಆದರೂ ಮೇಜು ಹಾಕಿದ್ದಾರೆ. ಯಾಕೆಂದರೆ ಮೇಜಿದ್ದರೆ ಹುಡುಗರು ಬರುತ್ತಾರೆ, ಬಂದವರು ಕೊಳ್ಳುತ್ತಾರೆ ಅನ್ನೋ ನಂಬಿಕೆ. ಆ ನಂಬಿಕೆ ನಿಲ್ಲೋದು ಬಿಡೋದು ನಮ್ಮ ಕೈಯಲ್ಲಿದೆ.

ನಾನು ಕಣ್ಣಾರೆ ನೋಡಿದ್ದೊಂದು ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಒಂದು ಕುಟುಂಬ ಬಂತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನಮ್ಮಲ್ಲಿ ಆಡಿ ನೋಡೋಕೆ ಅಂತಲೇ ತೆರೆದಿಟ್ಟ ಆಟಗಳ ಒಂದು ಕಪಾಟು ಇತ್ತು. ಅದರಿಂದ ಒಂದನ್ನ ತೆಗೆದು, ನಾನೇ ಪಕ್ಕ ಕೂತು ಮುಕ್ಕಾಲು ಗಂಟೆ ನಿಯಮ ಹೇಳಿಕೊಟ್ಟೆ. ಮಕ್ಕಳಿಗೆ ಎಷ್ಟು ಇಷ್ಟ ಆಯಿತು ಅಂದರೆ ಚಿಕ್ಕವಳು ಆಟದ ಮರದ ಕುರಿಯನ್ನ ಕೈಯಿಂದ ಬಿಡಲೇ ಇಲ್ಲ. ಅಪ್ಪ ಕೌಂಟರ್ ಹತ್ತಿರ ಬಂದರು, ಹೊಸ ಡಬ್ಬ ಕೈಗೆ ತಗೊಂಡರು, ಫೋನ್ ತೆಗೆದು ಡಬ್ಬದ ಬಾರ್‌ಕೋಡ್ ಮೇಲೆ ಹಿಡಿದರು, ನನ್ನ ಎದುರಿಗೇ ಆರ್ಡರ್ ಹಾಕಿದರು. "ನಾಳೆ ಬರುತ್ತಂತೆ" ಅಂತ ಹೆಂಡತಿಗೆ ಹೇಳಿದರು. ಥ್ಯಾಂಕ್ಸ್ ಹೇಳಿಯೇ ಹೋದರು, ಕೆಟ್ಟ ಜನ ಏನಲ್ಲ. ಆದರೆ ಅವರು ಬಳಸಿಕೊಂಡ ಮುಕ್ಕಾಲು ಗಂಟೆ ನಮ್ಮದು, ದುಡ್ಡು ಹೋದದ್ದು ಇನ್ನೊಬ್ಬರಿಗೆ. ದಯವಿಟ್ಟು ಇದೊಂದು ಮಾಡಬೇಡಿ. ಆನ್‌ಲೈನ್‌ನಲ್ಲಿ ತಗೋಬೇಕು ಅಂತಿದ್ದರೆ ಮನೆಯಲ್ಲಿ ಕೂತು ವಿಡಿಯೋ ನೋಡಿ ನಿರ್ಧಾರ ಮಾಡಿ. ಅಂಗಡಿಯವರ ಸಮಯ ತಗೊಂಡು ಕಲಿತದ್ದನ್ನ ಅಂಗಡಿಯಲ್ಲೇ ಕೊಳ್ಳಿ.

ಈಗ ಕಾಮಿಕ್ಸ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಗೊತ್ತಿಲ್ಲದ ಕಷ್ಟ ಇರೋದು ಇಲ್ಲೇ.

ನಮ್ಮ ಕಡೆ ವಾರಪತ್ರಿಕೆ ಮಾರುವವನು ಉಳಿದ ಪ್ರತಿಗಳನ್ನ ವಾಪಸ್ ಕೊಡುತ್ತಾನೆ, ಅಲ್ವಾ? ಅಮೆರಿಕದಲ್ಲೂ ಮೊದಲು ಕಾಮಿಕ್ಸ್ ಹಾಗೇ ಇತ್ತು. ಔಷಧಿ ಅಂಗಡಿ, ಪೇಪರ್ ಅಂಗಡಿಗಳಲ್ಲಿ ತಿರುಗುವ ತಂತಿ ಸ್ಟ್ಯಾಂಡ್‌ನಲ್ಲಿ ಇಡುತ್ತಿದ್ದರು. ಮಾರದೆ ಉಳಿದರೆ ಮುಖಪುಟ ಹರಿದು ಕಳಿಸಿದರೆ ದುಡ್ಡು ವಾಪಸ್. 1970ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನ ಫಿಲ್ ಸೂಲಿಂಗ್ ಅನ್ನುವವರು ಬೇರೆ ದಾರಿ ತಂದರು. ಅವರು ಬ್ರೂಕ್ಲಿನ್‌ನಲ್ಲಿ ಇಂಗ್ಲಿಷ್ ಮೇಷ್ಟ್ರು, ಕಾಮಿಕ್ಸ್ ಸಮ್ಮೇಳನಗಳನ್ನ ನಡೆಸುತ್ತಿದ್ದವರು. ನಮಗೆ ಜಾಸ್ತಿ ಡಿಸ್ಕೌಂಟ್ ಕೊಡಿ, ಬದಲಿಗೆ ಉಳಿದದ್ದನ್ನ ನಾವು ವಾಪಸ್ ಮಾಡಲ್ಲ ಅಂತ ಪ್ರಕಾಶಕರ ಹತ್ತಿರ ಒಪ್ಪಂದ ಮಾಡಿಕೊಂಡರು. ಇವತ್ತಿನ ಕಾಮಿಕ್ಸ್ ಅಂಗಡಿಗಳೆಲ್ಲ ಹುಟ್ಟಿದ್ದು ಆ ಒಪ್ಪಂದದ ಮೇಲೆ. ಒಳ್ಳೆಯದೂ ಅದೇ, ಉರುಳೂ ಅದೇ.

ಹೇಗೆ ಅಂತ ನೋಡಿ. 4.99 ಡಾಲರ್‌ನ ಒಂದು ಸಂಚಿಕೆ ಅಂಗಡಿಗೆ ಸುಮಾರು 2.50ಕ್ಕೆ ಬೀಳುತ್ತೆ. ಹತ್ತು ತರಿಸಿದರೆ 25 ಡಾಲರ್ ಖರ್ಚು. ಐದು ಮಾರಿದರೆ ಹಾಕಿದ ದುಡ್ಡು ಬಂತು, ಲಾಭ ಸೊನ್ನೆ. ಎಂಟು ಮಾರಿದರೆ 15 ಡಾಲರ್. ಅಂದರೆ ಕಪಾಟಿನಲ್ಲಿ ಉಳಿದ ಒಂದೊಂದು ಪ್ರತಿಯೂ ಮಾರಾಟವಾದ ಒಂದು ಪ್ರತಿಯ ಲಾಭವನ್ನ ತಿಂದುಹಾಕುತ್ತೆ. ಇನ್ನೂ ಒಂದು ತೊಡಕು. ಈ ಆರ್ಡರನ್ನ ಸಂಚಿಕೆ ಬರೋದಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಹಾಕಬೇಕು. ಕೊನೆಯದಾಗಿ ತಿದ್ದುಪಡಿ ಮಾಡೋಕೆ ಒಂದು ಗಡುವು ಇರುತ್ತೆ, ಅದು ಸಂಚಿಕೆ ಅಂಗಡಿಗೆ ಬರೋಕೆ ಮೂರು ನಾಲ್ಕು ವಾರ ಮುಂಚೆಯೇ ಮುಗಿದುಹೋಗುತ್ತೆ. ಪುಸ್ತಕ ಹೇಗಿದೆ ಅಂತ ನೋಡದೆ, ಯಾರಿಗೆ ಬೇಕು ಅಂತ ಗೊತ್ತಿಲ್ಲದೆ, ವಾಪಸ್ ಮಾಡೋಕೆ ಆಗದ ಮಾಲನ್ನ ಊಹೆಯ ಮೇಲೆ ತರಿಸೋದು. ಪ್ರತಿ ತಿಂಗಳೂ ನೂರಾರು ಸಂಚಿಕೆಗಳಿಗೆ ಹೀಗೆ.

ನಾನು ಒಮ್ಮೆ ಒಂದು ಹೊಸ ಸರಣಿಯ ಮೊದಲ ಸಂಚಿಕೆ 40 ತರಿಸಿದೆ. ನನಗೆ ಆ ಚಿತ್ರಕಾರರು ಬಹಳ ಇಷ್ಟ, ಎಲ್ಲರಿಗೂ ಹಿಡಿಸುತ್ತೆ ಅಂತ ಅಂದುಕೊಂಡೆ. 11 ಮಾರಾಟ ಆಯಿತು. ಉಳಿದ 29 ಪ್ರತಿ, ಯಾವುದು ತಗೊಂಡರೂ ಒಂದು ಡಾಲರ್ ಅನ್ನೋ ಪೆಟ್ಟಿಗೆಗೆ ಹೋಯಿತು. ಮಾಲೀಕರು ಬೈಯಲಿಲ್ಲ, ಆದರೆ ಆ ತಿಂಗಳು ಅವರು ತಮ್ಮ ಸಂಬಳ ತಗೊಳ್ಳಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದೊಂದರಿಂದಲೇ ಅಲ್ಲ, ಆ ತಿಂಗಳು ಇಂಥವು ಹತ್ತು ಹದಿನೈದು ಸೇರಿಕೊಂಡಿದ್ದವು. ನನಗೆ ಅದು ಇನ್ನೂ ಚುಚ್ಚುತ್ತೆ. ಆಮೇಲೆ ಎಷ್ಟೋ ದಿನ ಅಂಗಡಿಗೆ ಬಂದವರು "ಅಯ್ಯೋ, ಅದು ಬಂದಿತ್ತಾ, ನಂಗೆ ಬೇಕಿತ್ತು, ಆನ್‌ಲೈನ್‌ನಲ್ಲಿ ತಗೊಂಡುಬಿಟ್ಟೆ" ಅನ್ನೋರು. ಎರಡು ತಿಂಗಳು ಮುಂಚೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಇದಕ್ಕೇ ನಾನು ಮೊದಲೇ ಹೇಳಿದ್ದು, ಎಷ್ಟು ಮುಂಚೆ ಹೇಳ್ತೀರಿ ಅನ್ನೋದು ದೊಡ್ಡದು ಅಂತ. ಇಲ್ಲಿನ ಅಂಗಡಿಗಳಲ್ಲಿ ಅದಕ್ಕೆ ಪುಲ್ ಲಿಸ್ಟ್ ಅಂತಾರೆ. ನಿಮ್ಮ ಹೆಸರು, ನಿಮಗೆ ಬೇಕಾದ ಸರಣಿಗಳ ಹೆಸರು ಬರೆಸಿದರೆ ಪ್ರತಿ ಸಂಚಿಕೆ ಬಂದಾಗ ಒಂದು ಪ್ರತಿ ನಿಮಗೆ ಅಂತ ಎತ್ತಿಡುತ್ತಾರೆ. ಎಷ್ಟೋ ಅಂಗಡಿಯವರು ಅದಕ್ಕೆ ಹತ್ತು ಪರ್ಸೆಂಟ್ ಕಡಿಮೆಯನ್ನೂ ಮಾಡುತ್ತಾರೆ. ಕಡಿಮೆ ಮಾಡಿಯೂ ಅವರಿಗೆ ಗಿಟ್ಟುತ್ತೆ, ಯಾಕೆಂದರೆ ಆ ಒಂದು ಪ್ರತಿಯ ಬಗ್ಗೆ ಊಹೆ ಮಾಡುವ ಕೆಲಸ ಇಲ್ಲ.

ಮೈಸೂರಿನಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹತ್ತು ಅಡಿ ಅಗಲದ ಮಳಿಗೆ. ದಿನಕ್ಕೆ ಇಷ್ಟು ಪೈಸೆ ಅಂತ ಕೊಟ್ಟು ಕಾಮಿಕ್ಸ್, ಪತ್ರಿಕೆ, ಕಾದಂಬರಿ ಬಾಡಿಗೆಗೆ ತರುವುದು. ಅಲ್ಲಿನ ಮಾಮ ನಾನು ಓದುವ ಪುಸ್ತಕದ ಮುಂದಿನ ಸಂಚಿಕೆ ಬಂದರೆ ಮೇಜಿನ ಡ್ರಾಯರ್ ಒಳಗೆ ಬಚ್ಚಿಟ್ಟು, ನಾನು ಶಾಲೆಯಿಂದ ಬರುವಾಗ ಕೈ ಸನ್ನೆ ಮಾಡಿ ಕರೆಯುತ್ತಿದ್ದರು. ಹೆಸರಿಲ್ಲದಿದ್ದರೂ ಅದು ಪುಲ್ ಲಿಸ್ಟೇ. ಅಮ್ಮ ಸೊಪ್ಪು ತರುವ ಅಂಗಡಿಯಲ್ಲೂ "ನಾಳೆ ಎರಡು ಕಟ್ಟು ಮೆಂತ್ಯ ಇಟ್ಟಿರಪ್ಪ" ಅಂತ ಹೇಳಿ ಬರುತ್ತಿದ್ದರು. ನಮಗೆ ಹೊಸದೇನಲ್ಲ ಇದು.

ಇಲ್ಲಿ ಹೊಸ ಕಾಮಿಕ್ಸ್ ಬರೋದು ಬುಧವಾರ. ಬೆಳಗ್ಗೆ ಅಂಗಡಿ ತೆಗೆಯೋಕೆ ಮುಂಚೆ ರಟ್ಟಿನ ಪೆಟ್ಟಿಗೆಗಳನ್ನ ಬಿಚ್ಚುವ ಕೆಲಸ. ಕಟ್ಟರನ್ನ ಆಳಕ್ಕೆ ಇಳಿಸಬಾರದು, ಇಳಿಸಿದರೆ ಮೇಲಿನ ಪ್ರತಿಯ ಮುಖಪುಟ ಸೀಳಿಹೋಗುತ್ತೆ. ಹೊಸ ಶಾಯಿಯ ವಾಸನೆ ಮುಖಕ್ಕೆ ಬಡಿಯುತ್ತೆ. ಬಿಲ್ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ಎಣಿಸಬೇಕು. ಮೂಲೆ ಮಡಿಚಿದ್ದು, ಬೆನ್ನಿಗೆ ಗೀಟು ಬಿದ್ದದ್ದು ಬೇರೆ ತೆಗೆದಿಡಬೇಕು. ಆಮೇಲೆ ಕೌಂಟರ್ ಹಿಂದಿನ ಉದ್ದ ಪೆಟ್ಟಿಗೆಯಲ್ಲಿ ಒಬ್ಬೊಬ್ಬರ ಹೆಸರು ಬರೆದ ರಟ್ಟುಗಳು ನಿಂತಿರುತ್ತವೆ, ಆ ರಟ್ಟುಗಳ ಹಿಂದೆ ಅವರವರ ಸಂಚಿಕೆಗಳನ್ನ ಸೇರಿಸುತ್ತಾ ಹೋಗುವುದು. ಆ ಪೆಟ್ಟಿಗೆ ನೋಡಿದರೆ ಊರಿನಲ್ಲಿ ಯಾರು ಏನು ಓದುತ್ತಾರೆ ಅಂತ ಗೊತ್ತಾಗುತ್ತೆ. ಒಂದು ಹೆಸರಿನ ಹಿಂದೆ ಮಾತ್ರ ನಾಲ್ಕು ತಿಂಗಳಿನಿಂದ ಪುಸ್ತಕ ತುಂಬಿಕೊಂಡೇ ಇರುತ್ತೆ, ಆ ಮನುಷ್ಯ ಬರುವುದೇ ಇಲ್ಲ. ಅಷ್ಟರಲ್ಲಿ ಅವು ಹಳತಾಗಿ ಬೇರೆಯವರಿಗೂ ಬೇಡವಾಗಿರುತ್ತವೆ. ಹಾಗಾಗಿ ಲಿಸ್ಟಿಗೆ ಹೆಸರು ಬರೆಸಿದರೆ ತಿಂಗಳಿಗೆ ಒಮ್ಮೆಯಾದರೂ ಹೋಗಿ ತಗೊಳ್ಳಿ. ಬೇಡ ಅನಿಸಿದರೆ ನಾಚಿಕೆ ಪಡದೆ "ಇದು ನಿಲ್ಲಿಸಿ" ಅಂತ ಹೇಳಿ. ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಹೇಳದೆ ಮಾಯವಾದರೆ ನಷ್ಟ.

ಕಾಮಿಕ್ಸ್ ಅಂಗಡಿಗಳು ಎಷ್ಟು ತೆಳ್ಳಗಿನ ದಾರದ ಮೇಲೆ ನಿಂತಿವೆ ಅನ್ನೋಕೆ ಇನ್ನೂ ಎರಡು ಮಾತು. 1990ರ ದಶಕದಲ್ಲಿ ಜನ ಕಾಮಿಕ್ಸನ್ನ ಚಿನ್ನದ ಹಾಗೆ ಕೂಡಿಡೋಕೆ ಶುರು ಮಾಡಿದ್ದರು. 1991ರಲ್ಲಿ ಎಕ್ಸ್-ಮೆನ್ ಹೊಸ ಸರಣಿಯ ಮೊದಲ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಅಂಗಡಿಗಳಿಗೆ ಹೋಯಿತು. ಎಲ್ಲರ ಹತ್ತಿರವೂ ಇರುವ ವಸ್ತುವಿಗೆ ಬೆಲೆ ಎಲ್ಲಿ ಬರುತ್ತೆ? ಗುಳ್ಳೆ ಒಡೆಯಿತು, ಸಾವಿರಾರು ಅಂಗಡಿ ಮುಚ್ಚಿದವು, 1996ರ ಕೊನೆಗೆ ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆ ಗಲಾಟೆಯಲ್ಲಿ ಉಳಿದುಕೊಂಡ ದೊಡ್ಡ ಡಿಸ್ಟ್ರಿಬ್ಯೂಟರ್ ಡೈಮಂಡ್ ಒಂದೇ. ಸುಮಾರು ಎರಡು ದಶಕ ಇಡೀ ದೇಶದ ಕಾಮಿಕ್ಸ್ ಅಂಗಡಿಗಳಿಗೆ ಹೆಚ್ಚುಕಡಿಮೆ ಅವರೊಬ್ಬರೇ ದಿಕ್ಕು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಅವರು ಹೊಸ ಕಾಮಿಕ್ಸ್ ಕಳಿಸೋದು ನಿಲ್ಲಿಸಿದಾಗ ಸುಮಾರು ಏಳು ವಾರ ನಮಗೆ ಬುಧವಾರವೇ ಇರಲಿಲ್ಲ. ಆಗಲೇ ಬ್ಯಾಟ್‌ಮ್ಯಾನ್ ಪ್ರಕಟಿಸುವ ಡಿಸಿಯವರು ಡೈಮಂಡ್ ಬಿಟ್ಟರು, ಮರುವರ್ಷ ಮಾರ್ವೆಲ್ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಅನ್ನೋ ಪುಸ್ತಕ ಕಂಪನಿಯ ಕಡೆಗೆ ಹೋಯಿತು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಹಾಕಿತು. ಬೋರ್ಡ್ ಗೇಮ್ ಹಂಚುವ ಅಲಯನ್ಸ್ ಕೂಡ ಆಗ ಅದೇ ಮನೆಯದಾಗಿತ್ತು, ಅದೂ ಆ ಅರ್ಜಿಯ ಒಳಗೇ ಬಂತು. ಎಷ್ಟೋ ಚಿಕ್ಕ ಪ್ರಕಾಶಕರ ಮಾಲು ಅವರ ಗೋದಾಮಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಚೀನಾ ಮಾಲಿನ ಮೇಲೆ ಸುಂಕ 145 ಪರ್ಸೆಂಟಿಗೆ ಏರಿತು, ಮೇನಲ್ಲಿ 30ಕ್ಕೆ ಇಳಿಯಿತು. ಆ ವಾರಗಳಲ್ಲಿ ಬೋರ್ಡ್ ಗೇಮ್ ಪ್ರಕಾಶಕರು ಹಡಗಿಗೆ ಡಬ್ಬ ಹತ್ತಿಸಬೇಕಾ ಬೇಡವಾ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಒಂದೇ ವರ್ಷದಲ್ಲಿ ಎರಡು ಹೊಡೆತ ತಿಂದ ಅಂಗಡಿ ನಿಮ್ಮದು ಅಂತ ನೆನಪಿಟ್ಟುಕೊಳ್ಳಿ.

ನಿಮ್ಮ ಮಗನ ಮ್ಯಾಜಿಕ್ ಕಾರ್ಡ್ ವಿಷಯ. ಆ ಆಟ 1993ರಲ್ಲಿ ಬಂತು, ರಿಚರ್ಡ್ ಗಾರ್ಫೀಲ್ಡ್ ಅನ್ನುವ ಗಣಿತದ ವ್ಯಕ್ತಿ ರೂಪಿಸಿದ್ದು. ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಾಗದ ಹಾಗೆ ಮುಚ್ಚಿದ ಅದರ ಪ್ಯಾಕ್‌ಗಳು ಆನ್‌ಲೈನ್‌ನಲ್ಲೂ, ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲೂ ಸಿಗುತ್ತವೆ, ಎಷ್ಟೋ ಸಲ ಕಡಿಮೆಗೆ. ಆದರೆ ಇದರಲ್ಲಿ ನಾನು ಸ್ವಲ್ಪ ಖಡಾಖಂಡಿತ ಹೇಳುತ್ತೇನೆ. ಗುರುತಿಲ್ಲದ ಮಾರಾಟಗಾರರಿಂದ ಬಿಡಿ ಪ್ಯಾಕ್ ತಗೋಬೇಡಿ. ಪ್ಯಾಕ್ ಬಿಚ್ಚಿ ಒಳ್ಳೆ ಕಾರ್ಡ್ ತೆಗೆದುಕೊಂಡು ಮತ್ತೆ ಅಂಟಿಸಿ ಮಾರುವವರಿದ್ದಾರೆ, ನಕಲಿ ಕಾರ್ಡ್ ಮಾರುವವರೂ ಇದ್ದಾರೆ. ಹೆಸರಾದ ಬೋರ್ಡ್ ಗೇಮ್‌ಗಳ ನಕಲಿ ಪ್ರತಿಗಳೂ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸಿಕ್ಕಿವೆ. ತೆಳ್ಳಗಿನ ರಟ್ಟು, ಮಸುಕಾದ ಬಣ್ಣ, ಪಕ್ಕಕ್ಕೆ ಜರುಗಿದ ಅಚ್ಚು. ಮಕ್ಕಳಿಗೆ ಗೊತ್ತಾಗಲ್ಲ, ಆಡುವಾಗ ಎದುರಿನವರು ಹೇಳಿದರೆ ನೊಂದುಕೊಳ್ಳುತ್ತಾರೆ.

ಬಿಡಿ ಕಾರ್ಡ್ ಬೇಕಾದರೆ ಅದು ಬೇರೆ. ಇಂಥದ್ದೇ ಒಂದು ಕಾರ್ಡ್ ಬೇಕು ಅಂದಾಗ ಅಂಗಡಿಯಲ್ಲಿ ಮೊದಲು ಕೇಳಿ, ಇಲ್ಲ ಅಂದರೆ ಟಿಸಿಜಿಪ್ಲೇಯರ್‌ನಂಥ ಕಾರ್ಡ್ ಮಾರುವ ವೆಬ್‌ಸೈಟ್‌ನಿಂದ ತರಿಸಿ. ಅಲ್ಲಿ ಮಾರುವವರಲ್ಲೂ ಎಷ್ಟೋ ಜನ ಯಾವುದೋ ಊರಿನ ಸಣ್ಣ ಅಂಗಡಿಯವರೇ. ಆನ್‌ಲೈನ್ ಅಂದ ತಕ್ಷಣ ದೊಡ್ಡ ಕಂಪನಿ ಅಂತ ಅಂದುಕೊಳ್ಳಬೇಕಿಲ್ಲ. ಪುಸ್ತಕಗಳಿಗೆ ಬುಕ್‌ಶಾಪ್ ಡಾಟ್ ಆರ್ಗ್ ಇದೆ, 2020ರಲ್ಲಿ ಶುರುವಾದದ್ದು. ಅಲ್ಲಿ ಕೊಂಡರೆ ಬೆಲೆಯ ಒಂದು ಪಾಲು ನೀವು ಆರಿಸಿದ ಊರಿನ ಪುಸ್ತಕದ ಅಂಗಡಿಗೆ ಹೋಗುತ್ತೆ.

ಮ್ಯಾಜಿಕ್‌ನ ಹೊಸ ಕಾರ್ಡ್‌ಗಳ ಸೆಟ್ ಬಿಡುಗಡೆಯಾಗುವ ಒಂದು ವಾರ ಮುಂಚೆ ಅಂಗಡಿಗಳಲ್ಲಿ ಪ್ರೀ-ರಿಲೀಸ್ ಅಂತ ನಡೆಯುತ್ತೆ. ಎಲ್ಲರೂ ಅಲ್ಲೇ ಕೂತು ಪ್ಯಾಕ್ ಒಡೆದು, ಬಂದ ಕಾರ್ಡ್‌ಗಳಲ್ಲೇ ಆಟ ಕಟ್ಟಿ ಆಡುವುದು. ಅದು ಮನೆಗೆ ಪಾರ್ಸೆಲ್ ಬರಲ್ಲ. ಮಗನನ್ನ ಅದಕ್ಕೆ ಕಳಿಸಿ. ಪೋಕೆಮಾನ್ ಕಾರ್ಡ್‌ಗೆ ಕೊರತೆ ಬಂದಾಗ ಡಿಸ್ಟ್ರಿಬ್ಯೂಟರ್‌ಗಳು ಅಂಗಡಿಗೆ ಇಷ್ಟೇ ಅಂತ ಅಳೆದು ಕೊಡುತ್ತಾರೆ. ನಾವು ಆಗ ಮೊದಲು ಕೊಡುತ್ತಿದ್ದದ್ದು ವರ್ಷವಿಡೀ ಬರುವ ಮಕ್ಕಳಿಗೆ, ಮುಖಬೆಲೆಗೇ. ಅವತ್ತೊಂದು ದಿನ ಬಂದು ಇಪ್ಪತ್ತು ಡಬ್ಬ ಕೇಳುವವರಿಗೆ ಇಲ್ಲ ಅನ್ನುತ್ತಿದ್ದೆವು.

ಈಗ ಆನ್‌ಲೈನ್‌ನಲ್ಲಿ ಧಾರಾಳವಾಗಿ ತಗೊಳ್ಳಬಹುದಾದದ್ದು. ಅಂಗಡಿಯವರು ತರಿಸೋಕೇ ಆಗದ ಹಳೆಯ ಆಟ, ಮುದ್ರಣ ನಿಂತುಹೋದ ಪುಸ್ತಕ. ಪ್ರಕಾಶಕರು ಕಿಕ್‌ಸ್ಟಾರ್ಟರ್ ಅನ್ನೋ ಮುಂಗಡ ದುಡ್ಡು ಕೂಡಿಸುವ ವೆಬ್‌ಸೈಟ್‌ನಲ್ಲಿ ನೇರವಾಗಿ ಮಾರುವ ಆಟ, ಅದರಲ್ಲಿ ರೂಪಿಸಿದವರ ಕಡೆಗೆ ಜಾಸ್ತಿ ದುಡ್ಡು ಹೋಗುತ್ತೆ ಅನ್ನೋದೂ ಒಂದು ಸಮಾಧಾನ. ಕಾಮಿಕ್ಸ್‌ನ ಹಲವು ಸಂಚಿಕೆ ಸೇರಿಸಿದ ದಪ್ಪ ದಪ್ಪ ಸಂಪುಟಗಳು, ದೊಡ್ಡವರು ಅವಕ್ಕೆ ಕೊಡುವ ಡಿಸ್ಕೌಂಟಿಗೆ ಊರಿನ ಅಂಗಡಿ ಸರಿಸಾಟಿ ಆಗೋಕೆ ಸಾಧ್ಯವೇ ಇಲ್ಲ, ಅದು ಅವರಿಗೂ ಗೊತ್ತು. ಬರೀ ಓದಬೇಕು, ಕೂಡಿಡೋದು ಬೇಡ ಅಂದರೆ ಮೊದಲು ಊರಿನ ಪಬ್ಲಿಕ್ ಲೈಬ್ರರಿಗೆ ಹೋಗಿ. ಅಮೆರಿಕದ ಲೈಬ್ರರಿಗಳಲ್ಲಿ ಕಾಮಿಕ್ಸ್‌ಗೆ ಕಪಾಟುಗಟ್ಟಲೆ ಜಾಗ ಕೊಟ್ಟಿರುತ್ತಾರೆ, ಒಂದು ಪೈಸೆ ಖರ್ಚಿಲ್ಲ. ಓದುವ ಮಗು ಆಮೇಲೆ ಕೊಳ್ಳುವ ಮಗುವಾಗುತ್ತೆ, ಅಂಗಡಿಯವರು ಲೈಬ್ರರಿಯನ್ನ ಶತ್ರು ಅಂತ ಯಾವತ್ತೂ ನೋಡಿಲ್ಲ. ಡಿಜಿಟಲ್‌ನಲ್ಲಿ ಕೊಳ್ಳುವಾಗ ಮಾತ್ರ ಸ್ವಲ್ಪ ಯೋಚಿಸಿ. ಕಾಮಿಕ್ಸಾಲಜಿ ಅಂತ ಒಂದು ಒಳ್ಳೆ ಆಪ್ ಇತ್ತು. 2014ರಲ್ಲಿ ಅಮೆಜಾನ್ ಅದನ್ನ ಕೊಂಡಿತು, 2022ರಲ್ಲಿ ಅದನ್ನ ಕಿಂಡಲ್ ಒಳಗೆ ಸೇರಿಸಿಬಿಟ್ಟರು, ಎಷ್ಟೋ ಓದುಗರಿಗೆ ತಮ್ಮ ಪುಸ್ತಕ ಹುಡುಕಿಕೊಳ್ಳೋದೇ ಕಷ್ಟ ಆಯಿತು.

ಎಲ್ಲ ಊರಿನ ಅಂಗಡಿಗಳೂ ಒಳ್ಳೆಯವು ಅಂತಲೂ ನಾನು ಹೇಳಲ್ಲ. ಈ ಕೆಲಸಕ್ಕೆ ಸೇರೋಕೆ ಮುಂಚೆ ನಾನು ಒಂದು ಅಂಗಡಿಯಲ್ಲಿ ಒಂದು ಆಟಕ್ಕೆ ಮುಂಗಡ ಕೊಟ್ಟಿದ್ದೆ. ಐದು ತಿಂಗಳು ಅಲೆಸಿದರು. ಆಟ ಬಂದಾಗ ನನ್ನ ಪ್ರತಿಯನ್ನ ಬೇರೆಯವರಿಗೆ ಜಾಸ್ತಿ ಬೆಲೆಗೆ ಮಾರಿದರು, ದುಡ್ಡು ವಾಪಸ್ ಕೇಳಿದರೆ ಅಂಗಡಿಯ ಕೂಪನ್ ಕೊಡ್ತೀವಿ ಅಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇನ್ನೊಂದು ಕಡೆ ನನ್ನ ಅಕ್ಕನ ಮಗಳು ಒಳಗೆ ಕಾಲಿಟ್ಟಾಗ ಆಡುತ್ತಿದ್ದ ಹುಡುಗರೆಲ್ಲ ತಿರುಗಿ ನೋಡಿ ನಗಾಡಿದರು, ಕೌಂಟರ್‌ನಲ್ಲಿದ್ದವನು ಸುಮ್ಮನಿದ್ದ. ಅವಳು ಆ ಆಟವನ್ನೇ ಬಿಟ್ಟಳು. ಇಂಥ ಅಂಗಡಿಗೆ ಊರಿನದು ಅನ್ನೋ ಒಂದೇ ಕಾರಣಕ್ಕೆ ನಿಮ್ಮ ದುಡ್ಡು ಕೊಡಬೇಡಿ. ನಿಮ್ಮ ಮಗ ಹೋಗುವ ಕಡೆ ಒಂದು ಶುಕ್ರವಾರ ಅರ್ಧ ಗಂಟೆ ನೀವೂ ಕೂತು ನೋಡಿ. ಸೋತ ಮಗುವಿನ ಹತ್ತಿರ ಯಾರಾದರೂ ಬಂದು ಮಾತಾಡುತ್ತಾರಾ, ಹೊಸಬರಿಗೆ ಕುರ್ಚಿ ಎಳೆದು ಕೊಡುತ್ತಾರಾ, ದೊಡ್ಡವರು ಚಿಕ್ಕವರ ಒಳ್ಳೆ ಕಾರ್ಡನ್ನ ಪುಸಲಾಯಿಸಿ ಬದಲಾಯಿಸಿಕೊಳ್ಳುವುದನ್ನ ಅಂಗಡಿಯವರು ತಡೆಯುತ್ತಾರಾ. ಇವು ಸರಿ ಇದ್ದರೆ ಅದು ಉಳಿಸಿಕೊಳ್ಳಬೇಕಾದ ಅಂಗಡಿ.

ಇನ್ನು ನಿಮ್ಮ ಹುಟ್ಟುಹಬ್ಬದ ಆಟ. ಟ್ಯಾಕ್ಸ್ ಸೇರಿ ಅಂಗಡಿಯಲ್ಲಿ 63.98, ಆನ್‌ಲೈನ್‌ನಲ್ಲಿ 44.78. ವ್ಯತ್ಯಾಸ 19 ಡಾಲರ್ 20 ಸೆಂಟ್. ನಿಮ್ಮ ಮಗ ವರ್ಷಕ್ಕೆ 45 ಶುಕ್ರವಾರ ಹೋಗುತ್ತಾನೆ ಅಂದುಕೊಂಡರೆ ಒಂದು ಸಂಜೆಗೆ 43 ಸೆಂಟ್ ಬಿತ್ತು. ಯಜಮಾನರಿಗೆ ಈ ಲೆಕ್ಕ ತೋರಿಸಿ. 13 ವರ್ಷದ ಹುಡುಗ ಫೋನ್ ಬದಿಗಿಟ್ಟು, ಎದುರಿಗೆ ಕೂತ ಇನ್ನೊಬ್ಬ ಮನುಷ್ಯನ ಮುಖ ನೋಡಿಕೊಂಡು ನಾಲ್ಕು ಗಂಟೆ ಕಳೆಯುವ ಇನ್ನೊಂದು ಜಾಗ ಈ ದೇಶದಲ್ಲಿ ಈ ರೇಟಿಗೆ ನಿಮಗೆ ಸಿಗಲ್ಲ. ನಾನಾಗಿದ್ದರೆ ಅಂಗಡಿಯಲ್ಲೇ ತಗೋತಿದ್ದೆ.

ಕೈ ಬಿಗಿ ಇರುವ ತಿಂಗಳಾದರೆ ಆನ್‌ಲೈನ್‌ನಲ್ಲೇ ತರಿಸಿ, ತಪ್ಪೇನಿಲ್ಲ, ಯಾರಿಗೂ ಸಬೂಬು ಹೇಳಬೇಕಾಗಿಲ್ಲ. ಆಗ ಬೇರೆ ರೀತಿ ನೋಡಿಕೊಳ್ಳಿ. ಕಾರ್ಡ್‌ಗೆ ಹಾಕುವ ಸ್ಲೀವ್, ದಾಳ, ಆಟದ ಗೊಂಬೆಗಳಿಗೆ ಬಳಿಯುವ ಬಣ್ಣ, ಫ್ರಿಜ್‌ನಲ್ಲಿಟ್ಟ ತಣ್ಣನೆ ಡ್ರಿಂಕ್ಸ್, ಚಿಪ್ಸ್, ಇಂಥ ಸಣ್ಣ ಸಾಮಾನಿನಲ್ಲೇ ಅಂಗಡಿಗೆ ಬೆಲೆಯ ಲೆಕ್ಕದಲ್ಲಿ ನೋಡಿದರೆ ಜಾಸ್ತಿ ಉಳಿಯೋದು. ಮನೆಯಿಂದ ಕೋಕ್ ಕಟ್ಟಿ ಕಳಿಸುವ ಬದಲು ಮಗನ ಕೈಗೆ ಐದು ಡಾಲರ್ ಕೊಟ್ಟು ಕಳಿಸಿ. 2002ರಿಂದ ಉಚಿತ ಕಾಮಿಕ್ಸ್ ದಿನ ಅಂತ, ಹೆಚ್ಚಾಗಿ ಮೇ ತಿಂಗಳ ಮೊದಲ ಶನಿವಾರ, ನಡೆದುಕೊಂಡು ಬಂದಿದೆ. ನಮಗೆ ಉಚಿತ, ಆದರೆ ಆ ಪ್ರತಿಗಳಿಗೆ ಅಂಗಡಿಯವರು ದುಡ್ಡು ಕೊಟ್ಟು ತರಿಸಿರುತ್ತಾರೆ. ಅವತ್ತು ಹೋದರೆ ಜೊತೆಗೆ ಒಂದು ಪುಸ್ತಕ ಕೊಂಡು ಬನ್ನಿ.

ಅಂಗಡಿಗೆ ಹೋದಾಗ ಬೆಲೆಯ ಬಗ್ಗೆ ಜಗಳ ಬೇಡ, ಆದರೆ ಕೇಳೋದರಲ್ಲಿ ತಪ್ಪಿಲ್ಲ. ಮುಂಗಡ ಬುಕ್ ಮಾಡಿದರೆ ಕಡಿಮೆ ಇದೆಯಾ, ಪಾಯಿಂಟ್ಸ್ ಇದೆಯಾ, ಹಳೆ ಕಾರ್ಡ್ ತಗೊಂಡು ಅಂಗಡಿಯ ಕ್ರೆಡಿಟ್ ಕೊಡ್ತೀರಾ ಅಂತ ಕೇಳಿ. ಮಗನ ಹತ್ತಿರ ಬಳಸದ ಕಾರ್ಡ್ ಡಬ್ಬಗಟ್ಟಲೆ ಇರುತ್ತೆ, ಅದರಲ್ಲೇ ಆಟದ ಕಾಲು ಭಾಗ ಬೆಲೆ ಹುಟ್ಟಿದರೂ ಆಶ್ಚರ್ಯ ಇಲ್ಲ. ಆಮೇಲೆ ಕೌಂಟರ್‌ನಲ್ಲಿರುವವರಿಗೆ ಮಗನ ಹೆಸರಿನಲ್ಲಿ ಒಂದು ಪುಲ್ ಲಿಸ್ಟ್ ತೆಗೆಯೋಕೆ ಹೇಳಿ. ಒಂದು ಸರಣಿ ಸಾಕು, ತಿಂಗಳಿಗೆ ಐದು ಡಾಲರ್. ಯಾವುದು ಅಂತ ಅವನೇ ಆರಿಸಲಿ. ಹುಟ್ಟುಹಬ್ಬದ ತಾರೀಖು ಯಾವುದು ಅಂತ ನೀವು ಬರೆದಿಲ್ಲ, ಮೂರು ವಾರಕ್ಕಿಂತ ಜಾಸ್ತಿ ಇದ್ದರೆ ಆಟವನ್ನ ಇವತ್ತೇ ಫೋನ್ ಮಾಡಿ ಹೇಳಿಡಿ, ಕಪಾಟಿನಲ್ಲಿರುವ ಒಂದೇ ಪ್ರತಿ ಬೇರೆಯವರ ಪಾಲಾದರೆ ಇನ್ನೊಂದು ತರಿಸೋಕೆ ಅವರಿಗೆ ಸಮಯ ಸಿಗುತ್ತೆ.